ಫುಟ್‌ಪಾತ್ ಮೇಲೆ ವೀಲ್‌ಚೇರ್ ಹೋಗಬೇಕಂದ್ರೆ ಏನೇನಿರಬೇಕು? ಅಳತೆ, ಕಾನೂನು, ದೂರು ಕೊಡೋ ದಾರಿ: ಇಲ್ಲಿದೆ ಪೂರ್ತಿ ಮಾಹಿತಿ

ಶಿವಮೊಗ್ಗ: ಊರಿಂದ ಬಂದವರೊಬ್ಬರು ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಲ್ಲಿ ಇಳಿದು ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಕಾಲು ಗಟ್ಟಿ ಇದ್ದವರಿಗೆ ಅದು ಮಾಮೂಲಿ ನಡಿಗೆ. ದಾರಿಯಲ್ಲಿ ಬೈಕ್ ನಿಂತಿದ್ದರೆ ಪಕ್ಕಕ್ಕೆ ಸರೀತಾರೆ, ಚಪ್ಪಡಿ ಕಲ್ಲು ಒಡೆದಿದ್ದರೆ ಒಂದು ಹೆಜ್ಜೆ ದೊಡ್ಡದಾಗಿ ಇಟ್ಟು ದಾಟ್ತಾರೆ, ಫುಟ್‌ಪಾತ್ ಎತ್ತರ ಇದ್ದರೆ ಹತ್ತಿ ಇಳೀತಾರೆ. ಆಸ್ಪತ್ರೆ ತಲುಪೋ ಹೊತ್ತಿಗೆ ದಾರಿ ಹೇಗಿತ್ತು ಅನ್ನೋದೇ ನೆನಪಿರಲ್ಲ.

ಅದೇ ಜಾಗಕ್ಕೆ ವೀಲ್‌ಚೇರ್‌ನಲ್ಲಿ ಹೋಗೋರ ಲೆಕ್ಕ ಬೇರೆ. ನೂರು ಮೀಟರ್ ಫುಟ್‌ಪಾತ್‌ನಲ್ಲಿ 99 ಮೀಟರ್ ಚೆನ್ನಾಗಿದ್ದು, ಒಂದೇ ಮೀಟರ್ ಕೆಟ್ಟಿದ್ದರೂ ಅವರ ಪಾಲಿಗೆ ಆ ದಾರಿ ಇಲ್ಲ ಅಂತಲೇ ಅರ್ಥ. ಒಂದೋ ಯಾರನ್ನಾದರೂ ಕರೆದು ಎತ್ತಿಸಿಕೊಳ್ಳಬೇಕು, ಇಲ್ಲಾ ಬಸ್ಸು, ಲಾರಿ ಓಡಾಡೋ ರಸ್ತೆಗೇ ಇಳೀಬೇಕು. ಫುಟ್‌ಪಾತ್ ಅನ್ನೋದು ಸರಪಳಿ ಇದ್ದ ಹಾಗೆ. ಒಂದು ಕೊಂಡಿ ಬಿಟ್ಟುಕೊಂಡರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಉಪಯೋಗಕ್ಕೆ ಬರಲ್ಲ.

2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಇವರ ಜೊತೆಗೆ ಮಂಡಿ ನೋವಿನ ಹಿರಿಯರು, ಗರ್ಭಿಣಿಯರು, ಆಪರೇಷನ್ ಆಗಿ ಕೋಲು ಹಿಡಿದು ಓಡಾಡೋರು, ಮಗು ಎತ್ತಿಕೊಂಡು ಹೋಗೋರು ಎಲ್ಲರಿಗೂ ಬೇಕಾಗಿರೋದು ಒಂದೇ: ತಡೆಯಿಲ್ಲದ, ಸಮತಟ್ಟಾದ ದಾರಿ. ಅದು ಹೇಗಿರಬೇಕು, ಕಾನೂನು ಏನು ಹೇಳುತ್ತೆ, ಸರಿ ಇಲ್ಲದಿದ್ದರೆ ಯಾರನ್ನು ಕೇಳಬೇಕು ಅನ್ನೋ ವಿವರ ಇಲ್ಲಿದೆ.

ಯಾರಿಗೆ ಏನು ತೊಂದರೆ?

ಎಲ್ಲ ವಿಕಲಚೇತನರ ತೊಂದರೆ ಒಂದೇ ಥರ ಇರಲ್ಲ. ಒಬ್ಬರಿಗೆ ಅಡ್ಡಿ ಆಗೋದು ಇನ್ನೊಬ್ಬರಿಗೆ ಗೊತ್ತೇ ಆಗದಿರಬಹುದು.

• ವೀಲ್‌ಚೇರ್ ಬಳಸೋರು: ಸಾಮಾನ್ಯ ವೀಲ್‌ಚೇರ್ 65ರಿಂದ 70 ಸೆಂಟಿಮೀಟರ್ ಅಗಲ ಇರುತ್ತೆ. ಪೂರ್ತಿ ತಿರುಗಿಸೋಕೆ ಸುಮಾರು 1.5 ಮೀಟರ್ ಜಾಗ ಬೇಕು. ಮುಂದಿನ ಚಕ್ರ ಚಿಕ್ಕದು, ಚರಂಡಿ ಮುಚ್ಚಳದ ಸಂದಿಗೆ ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಮುಗ್ಗರಿಸ್ತಾರೆ.

• ಊರುಗೋಲು, ಕ್ಯಾಲಿಪರ್ ಬಳಸೋರು: ಇವರಿಗೆ ಒಬ್ಬ ಮನುಷ್ಯನಿಗಿಂತ ಹೆಚ್ಚು ಅಗಲ ಬೇಕು. ನುಣುಪಾದ ಟೈಲ್ಸ್, ಅಲ್ಲಾಡೋ ಚಪ್ಪಡಿ, ಪಾಚಿ ಕಟ್ಟಿದ ಕಲ್ಲು ಇವರಿಗೆ ದೊಡ್ಡ ಅಪಾಯ.

• ದೃಷ್ಟಿ ಇಲ್ಲದವರು: ಬಿಳಿ ಕೋಲು ನೆಲದ ಮೇಲಿರೋದನ್ನು ತೋರಿಸುತ್ತೆ. ಎದೆ ಮಟ್ಟ, ಮುಖದ ಮಟ್ಟದಲ್ಲಿ ಚಾಚಿಕೊಂಡಿರೋದು ಕೋಲಿಗೆ ಸಿಗಲ್ಲ. ಅಂಗಡಿ ಬೋರ್ಡಿನ ಮೂಲೆ, ತಗ್ಗಿಗೆ ಕಟ್ಟಿದ ಶೀಟು, ಎಸಿ ಪೆಟ್ಟಿಗೆ, ಕರೆಂಟ್ ಕಂಬದ ಸ್ಟೇ ವೈರ್, ಬಗ್ಗಿದ ಮರದ ಕೊಂಬೆ ನೇರ ಹಣೆಗೆ ಬಡಿಯುತ್ತವೆ.

• ಮಂದ ದೃಷ್ಟಿಯವರು: ಮೆಟ್ಟಿಲು, ಫುಟ್‌ಪಾತ್ ಅಂಚು ನೆಲದ ಬಣ್ಣದಲ್ಲೇ ಇದ್ದರೆ ಕಾಣಲ್ಲ. ಅಂಚಿಗೆ ಹಳದಿ ಪಟ್ಟಿ ಬಳಿದರೂ ಎಷ್ಟೋ ಅನುಕೂಲ.

• ಕಿವಿ ಕೇಳದವರು: ಇವರಿಗೂ ಫುಟ್‌ಪಾತ್‌ಗೂ ಏನು ಸಂಬಂಧ ಅಂತ ಅನಿಸಬಹುದು. ಫುಟ್‌ಪಾತ್ ಬಂದ್ ಆಗಿ ರಸ್ತೆಗೆ ಇಳಿದಾಗ ಹಿಂದಿನಿಂದ ಬರೋ ಗಾಡಿಯ ಹಾರ್ನ್ ಇವರಿಗೆ ಕೇಳಲ್ಲ. ಬೇರೆಯವರು ಪಕ್ಕಕ್ಕೆ ಹಾರಿ ತಪ್ಪಿಸಿಕೊಳ್ಳೋ ಕಡೆ ಇವರು ಸಿಕ್ಕಿಬೀಳ್ತಾರೆ.

ರಸ್ತೆಗೆ ಇಳಿಯೋದು ಎಷ್ಟು ಅಪಾಯ ಅನ್ನೋದಕ್ಕೆ ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶವೇ ಸಾಕ್ಷಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಮಂದಿಯಲ್ಲಿ 32,825 ಜನ ಪಾದಚಾರಿಗಳು. ಅಂದ್ರೆ ದಿನಕ್ಕೆ ಸರಾಸರಿ 90 ಜನ.

ಅಳತೆ ಎಷ್ಟಿರಬೇಕು?

ಫುಟ್‌ಪಾತ್ ಹೇಗಿರಬೇಕು ಅನ್ನೋದಕ್ಕೆ ದೇಶದಲ್ಲಿ ಎರಡು ಮುಖ್ಯ ದಾಖಲೆಗಳಿವೆ. ಒಂದು, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ‘ಐಆರ್‌ಸಿ 103’. ಇನ್ನೊಂದು, ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಸಾರ್ವತ್ರಿಕ ಪ್ರವೇಶ ಮಾರ್ಗಸೂಚಿ. ಎಂಜಿನಿಯರ್‌ಗಳಿಗೆ ಇವು ಗೊತ್ತಿರುತ್ತವೆ. ಸಾರ್ವಜನಿಕರು ನೆನಪಿಟ್ಟುಕೊಳ್ಳಬೇಕಾದ ಅಳತೆಗಳು ಇಷ್ಟು:

• ಅಗಲ: ಯಾವ ಅಡ್ಡಿಯೂ ಇಲ್ಲದ ನಡೆಯುವ ಜಾಗ ಕನಿಷ್ಠ 1.8 ಮೀಟರ್, ಅಂದ್ರೆ ಸುಮಾರು 6 ಅಡಿ. ಎರಡು ವೀಲ್‌ಚೇರ್ ಎದುರುಬದುರಾದರೆ ಒಂದಕ್ಕೊಂದು ತಾಗದೆ ದಾಟೋಕೆ ಬೇಕಾದ ಅಗಲ ಇದು. ಅಂಗಡಿ ಸಾಲು ಇರೋ ಕಡೆ ಇನ್ನೂ ಹೆಚ್ಚು ಬೇಕು.

• ತಲೆ ಮೇಲಿನ ಜಾಗ: 2.2 ಮೀಟರ್ ಎತ್ತರದವರೆಗೆ ಬೋರ್ಡು, ಕೊಂಬೆ, ಶೀಟು ಏನೂ ಇರಬಾರದು.

• ಫುಟ್‌ಪಾತ್ ಎತ್ತರ: ರಸ್ತೆ ಮಟ್ಟದಿಂದ 150 ಮಿಲಿಮೀಟರ್ ಮೀರಬಾರದು. ಅಂದ್ರೆ ಅರ್ಧ ಅಡಿ. ಅದಕ್ಕಿಂತ ಎತ್ತರ ಕಟ್ಟಿದರೆ ವಯಸ್ಸಾದವರೂ ಹತ್ತಲ್ಲ, ರಸ್ತೆಯಲ್ಲೇ ನಡೀತಾರೆ.

• ರ‍್ಯಾಂಪ್: ಫುಟ್‌ಪಾತ್ ಮುಗಿಯೋ ಕಡೆ, ರಸ್ತೆ ದಾಟೋ ಕಡೆ ಇಳಿಜಾರು ಬೇಕೇ ಬೇಕು. ಇಳಿಜಾರಿನ ಲೆಕ್ಕ 1ಕ್ಕೆ 12. ಅರ್ಧ ಅಡಿ ಎತ್ತರ ಇದ್ದರೆ ರ‍್ಯಾಂಪ್ 6 ಅಡಿ ಉದ್ದ ಇರಬೇಕು. ಅಗಲ ಕನಿಷ್ಠ 1.2 ಮೀಟರ್.

• ಚರಂಡಿ ಮುಚ್ಚಳ: ನೆಲಕ್ಕೆ ಸಮನಾಗಿ ಕೂತಿರಬೇಕು, ಅಲ್ಲಾಡಬಾರದು. ಜಾಲರಿ ಇದ್ದರೆ ಸಂದಿಗಳು ಕಿರಿದಾಗಿರಬೇಕು, ನಡೆಯುವ ದಿಕ್ಕಿಗೆ ಅಡ್ಡಲಾಗಿರಬೇಕು. ಉದ್ದಕ್ಕೆ ಇದ್ದರೆ ವೀಲ್‌ಚೇರ್ ಚಕ್ರ, ಕೋಲು ಎರಡೂ ಸಿಕ್ಕಿಕೊಳ್ಳುತ್ತವೆ.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ‘ಫುಟ್‌ಪಾತ್ ಅಗಲ 2 ಮೀಟರ್ ಇದೆ’ ಅಂತ ಕಾಗದದಲ್ಲಿ ಇದ್ದ ಮಾತ್ರಕ್ಕೆ ಆಗಲ್ಲ. ಅದರ ಮಧ್ಯೆ ಒಂದು ಕಂಬ, ಪಕ್ಕದಲ್ಲಿ ಒಂದು ಗಿಡದ ಕಟ್ಟೆ ಇದ್ದರೆ ಉಳಿಯೋದು ಎರಡೂ ಕಡೆ ಮುಕ್ಕಾಲು ಮೀಟರ್. ಹಾಗಾಗಿಯೇ ಮಾರ್ಗಸೂಚಿಗಳು ಫುಟ್‌ಪಾತನ್ನು ಮೂರು ಪಟ್ಟಿಯಾಗಿ ನೋಡುತ್ತವೆ. ಅಂಗಡಿ, ಕಾಂಪೌಂಡ್ ಪಕ್ಕದ್ದು ಒಂದು. ರಸ್ತೆ ಕಡೆಗೆ ಕಂಬ, ಮರ, ಬೆಂಚು, ಕಸದ ಡಬ್ಬಿ ಇಡುವ ಪಟ್ಟಿ ಇನ್ನೊಂದು. ಇವೆರಡರ ನಡುವೆ ಖಾಲಿ ಬಿಡಬೇಕಾದ ನಡೆಯುವ ಪಟ್ಟಿ. 1.8 ಮೀಟರ್ ಲೆಕ್ಕ ಇರೋದು ಈ ನಡುವಿನ ಪಟ್ಟಿಗೆ.

ಬೆಂಗಳೂರಿನಲ್ಲಿ ‘ಟೆಂಡರ್‌ಶ್ಯೂರ್’ ಹೆಸರಲ್ಲಿ ಅಭಿವೃದ್ಧಿ ಮಾಡಿದ ರೆಸಿಡೆನ್ಸಿ ರೋಡ್, ಸೇಂಟ್ ಮಾರ್ಕ್ಸ್ ರೋಡ್, ಕನ್ನಿಂಗ್‌ಹ್ಯಾಂ ರೋಡ್‌ಗಳಲ್ಲಿ ಅನುಸರಿಸಿದ್ದು ಹೆಚ್ಚುಕಡಿಮೆ ಇದೇ ಕ್ರಮ. ಅಲ್ಲಿ ಕೇಬಲ್, ನೀರು, ಒಳಚರಂಡಿ ಪೈಪುಗಳನ್ನು ಫುಟ್‌ಪಾತ್ ಕೆಳಗೆ ಹಾಕಿ, ಮೇಲೆ ಜನ ನಡೆಯೋಕೆ ಅಗಲವಾದ ಜಾಗ ಬಿಡಲಾಯಿತು. ಪೈಪ್ ರಿಪೇರಿಗೆ ಅಂತ ಪದೇಪದೇ ಅಗೆಯೋದು ತಪ್ಪಬೇಕು ಅನ್ನೋದು ಉದ್ದೇಶ. ಶಿವಮೊಗ್ಗ ಕೂಡ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು. ಹೊಸದಾಗಿ ಫುಟ್‌ಪಾತ್ ಆಗಿರೋ ಕಡೆ ಈಗ ಕೇಳಬೇಕಾದ ಪ್ರಶ್ನೆ ಟೈಲ್ಸ್ ಹೇಗೆ ಕಾಣುತ್ತೆ ಅನ್ನೋದಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ವೀಲ್‌ಚೇರ್ ಇಳಿಯದೆ ಹೋಗುತ್ತಾ ಅನ್ನೋದು.

ಹಳದಿ ಟೈಲ್ಸ್ ಯಾಕೆ ಹಾಕ್ತಾರೆ?

ಫುಟ್‌ಪಾತ್, ರೈಲ್ವೆ ಪ್ಲಾಟ್‌ಫಾರ್ಮ್‌ಗಳ ಮೇಲೆ ಕಾಣೋ ಉಬ್ಬು ಗೆರೆ, ಉಬ್ಬು ಚುಕ್ಕಿಯ ಹಳದಿ ಟೈಲ್ಸ್ ಅಂದಕ್ಕೆ ಹಾಕಿದ್ದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇದು ದೃಷ್ಟಿ ಇಲ್ಲದವರಿಗೆ ದಾರಿ ತೋರಿಸೋ ವ್ಯವಸ್ಥೆ. ಜಪಾನಿನ ಸೈಯಿಚಿ ಮಿಯಾಕೆ 1965ರಲ್ಲಿ ಇದನ್ನು ರೂಪಿಸಿದರು. 1967ರ ಮಾರ್ಚ್ 18ರಂದು ಒಕಾಯಾಮ ನಗರದ ಅಂಧರ ಶಾಲೆ ಹತ್ತಿರದ ರಸ್ತೆಯಲ್ಲಿ ಮೊದಲ ಬಾರಿಗೆ ಹಾಕಲಾಯಿತು.

ಇದರ ಭಾಷೆ ಸುಲಭ. ಉದ್ದ ಗೆರೆ ಇದ್ದರೆ ‘ಹೀಗೇ ಮುಂದೆ ಹೋಗಿ’ ಅಂತ. ಚುಕ್ಕಿ ಇದ್ದರೆ ‘ನಿಲ್ಲಿ, ಮುಂದೆ ಏನೋ ಇದೆ’ ಅಂತ. ಅದು ರಸ್ತೆ ದಾಟೋ ಜಾಗ, ಮೆಟ್ಟಿಲು, ತಿರುವು ಯಾವುದೂ ಆಗಿರಬಹುದು. ಕಾಲಿನಡಿಗೆ, ಕೋಲಿನ ತುದಿಗೆ ಸಿಗೋ ಈ ಉಬ್ಬುಗಳನ್ನು ನಂಬಿ ಅವರು ಹೆಜ್ಜೆ ಇಡ್ತಾರೆ.

ಹಾಗಾಗಿ ಇದನ್ನು ತಪ್ಪಾಗಿ ಹಾಕೋದು, ಹಾಕದೇ ಇರೋದಕ್ಕಿಂತ ಅಪಾಯ. ಗೆರೆ ಟೈಲ್ಸ್ ನೇರ ಹೋಗಿ ಕರೆಂಟ್ ಕಂಬಕ್ಕೆ ಸೇರಿದರೆ ನಂಬಿ ಬಂದವರು ಕಂಬಕ್ಕೇ ಡಿಕ್ಕಿ ಹೊಡೀತಾರೆ. ಮ್ಯಾನ್‌ಹೋಲ್ ಮುಚ್ಚಳ ಬಂದ ಕಡೆ ಟೈಲ್ಸ್ ನಿಂತು, ಆಮೇಲೆ ಮುಂದುವರಿದರೆ ನಡುವೆ ದಾರಿ ತಪ್ಪುತ್ತೆ. ಒಡೆದ ಟೈಲ್ಸ್ ಬದಲಿಗೆ ಮಾಮೂಲಿ ಟೈಲ್ಸ್ ಕೂರಿಸಿದರೂ ಅಷ್ಟೇ. ಹಳದಿ ಟೈಲ್ಸ್ ಮೇಲೆ ಬೈಕ್ ನಿಲ್ಲಿಸೋದು, ತರಕಾರಿ ಬುಟ್ಟಿ ಇಡೋದು ಅಂದ್ರೆ ಒಬ್ಬರ ಕಣ್ಣಿಗೆ ಅಡ್ಡ ಕೈ ಇಟ್ಟ ಹಾಗೆ.

ಅಡ್ಡ ಇರೋದು ಏನೇನು?

ಫುಟ್‌ಪಾತ್ ಒತ್ತುವರಿ ಅಂದ ಕೂಡಲೇ ಎಲ್ಲರ ಬೆರಳು ಹೋಗೋದು ತಳ್ಳುಗಾಡಿಯವರ ಕಡೆಗೆ. ಒಂದು ಸಲ ನೆಹರು ರಸ್ತೆ, ದುರ್ಗಿಗುಡಿ, ಗಾಂಧಿ ಬಜಾರ್ ಥರದ ಯಾವುದೇ ವ್ಯಾಪಾರದ ರಸ್ತೆಯಲ್ಲಿ ಪಟ್ಟಿ ಹಿಡಿದು ಲೆಕ್ಕ ಹಾಕುತ್ತಾ ನಡೆಯಿರಿ. ಯಾವ ಊರಲ್ಲಾದರೂ ಪಟ್ಟಿಯಲ್ಲಿ ಬರೋದು ಇವು:

ಒಂದನೆಯದು, ಇಲಾಖೆಗಳದ್ದೇ ವಸ್ತುಗಳು. ಟ್ರಾನ್ಸ್‌ಫಾರ್ಮರ್, ಕಂಬ, ಕೇಬಲ್ ಬಾಕ್ಸ್, ಸಿಗ್ನಲ್ ಪೆಟ್ಟಿಗೆ, ದಾರಿ ಸೂಚಿಸೋ ಬೋರ್ಡಿನ ಕಾಲು, ಕೆಲಸ ಮುಗಿದರೂ ಎತ್ತದ ಜಲ್ಲಿ ರಾಶಿ, ಅಗೆದು ಮುಚ್ಚದ ಗುಂಡಿ.

ಎರಡನೆಯದು, ಪಕ್ಕಾ ಅಂಗಡಿಗಳು ಹೊರಗೆ ಚಾಚಿದ್ದು. ಬಾಗಿಲ ಮುಂದೆ ಕಟ್ಟಿದ ಮೆಟ್ಟಿಲು, ಫುಟ್‌ಪಾತ್‌ಗೆ ಬಂದ ಸಾಮಾನು, ನಿಲ್ಲಿಸೋ ಬೋರ್ಡು, ಬಟ್ಟೆ ಹಾಕಿದ ಗೊಂಬೆ, ಶೀಟಿನ ಕಂಬ.

ಮೂರನೆಯದು, ವಾಹನಗಳು. ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದ ಬೈಕು, ಅರ್ಧ ಮೇಲೆ ಅರ್ಧ ಕೆಳಗೆ ನಿಂತ ಕಾರು, ಗ್ಯಾರೇಜ್ ಮುಂದಿನ ರಿಪೇರಿ ಗಾಡಿಗಳು.

ನಾಲ್ಕನೆಯದು, ಮನೆಗಳ ಗೇಟ್ ರ‍್ಯಾಂಪ್. ಕಾರು ಒಳಗೆ ಹೋಗೋಕೆ ಅಂತ ಪ್ರತಿ ಮನೆಯವರೂ ಫುಟ್‌ಪಾತ್ ಅಡ್ಡಕ್ಕೆ ಕಾಂಕ್ರೀಟ್ ಇಳಿಜಾರು ಹಾಕಿಸಿಕೊಂಡರೆ ನಡೆಯೋ ಜಾಗ ಅಲೆಅಲೆಯಾಗುತ್ತೆ. ಬಡಾವಣೆ ರಸ್ತೆಗಳಲ್ಲಿ ವೀಲ್‌ಚೇರ್ ಹೋಗದಿರೋಕೆ ಇದೇ ದೊಡ್ಡ ಕಾರಣ.

ಐದನೆಯದು, ಫ್ಲೆಕ್ಸ್, ಪೆಂಡಾಲ್, ಸ್ವಾಗತ ಕಮಾನು. ಕಾರ್ಯಕ್ರಮ ಮುಗಿದ ಮೇಲೂ ಅವುಗಳ ಕೋಲು, ಹಗ್ಗ, ಗುಂಡಿ ಹಾಗೇ ಉಳಿದಿರುತ್ತವೆ.

ಇವೆಲ್ಲ ಆದ ಮೇಲೆ ಬರೋದು ತಳ್ಳುಗಾಡಿ, ಗೂಡಂಗಡಿ.

ಬೈಕ್ ಹತ್ತದ ಹಾಗೆ ಫುಟ್‌ಪಾತ್ ತುದಿಯಲ್ಲಿ ಸಣ್ಣ ಕಂಬ ನೆಡೋದು ಇನ್ನೊಂದು ಸಮಸ್ಯೆ. ಒತ್ತೊತ್ತಾಗಿ ನೆಟ್ಟರೆ ವೀಲ್‌ಚೇರ್ ಒಳಗೇ ಹೋಗಲ್ಲ. ಕನಿಷ್ಠ 90 ಸೆಂಟಿಮೀಟರ್ ಆದರೂ ಬಿಡಬೇಕು. ಅಷ್ಟು ಜಾಗದಲ್ಲಿ ಬೈಕೂ ನುಗ್ಗುತ್ತೆ ಅನ್ನೋದು ನಿಜ. ಹಾಗಂತ ಪೂರ್ತಿ ಮುಚ್ಚಿದರೆ ಬೈಕ್ ರಸ್ತೆಗೆ ಇಳಿದು ಹೋಗುತ್ತೆ, ವೀಲ್‌ಚೇರ್ ವಾಪಸ್ ಮನೆಗೆ ಹೋಗುತ್ತೆ. ಬೈಕ್ ತಡೆಯೋಕೆ ಇರೋದು ಪೊಲೀಸ್ ದಂಡ. ಅದರ ಬದಲು ವೀಲ್‌ಚೇರ್ ತಡೆಯೋದು ಸರಿಯಲ್ಲ.

ಬೀದಿ ವ್ಯಾಪಾರಿಗಳನ್ನು ಎತ್ತಿಸಿದರೆ ಮುಗೀತಾ?

ಇಲ್ಲ. ಬೀದಿ ವ್ಯಾಪಾರಕ್ಕೂ ಕಾನೂನಿನ ರಕ್ಷಣೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಲ್ಲಿ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ಎಲ್ಲಿ ವ್ಯಾಪಾರ ಮಾಡಬಹುದು, ಎಲ್ಲಿ ಮಾಡಬಾರದು ಅಂತ ಜಾಗ ಗುರುತಿಸಬೇಕು. ಸ್ಥಳಾಂತರ ಮಾಡೋ ಮೊದಲು 30 ದಿನದ ನೋಟಿಸ್ ಕೊಡಬೇಕು. ಸಾಮಾನು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಕೊಡಬೇಕು. ದಂಡ ಕಟ್ಟಿದ ಮೇಲೆ ಹಣ್ಣು, ತರಕಾರಿಯಂಥ ಬೇಗ ಕೆಡೋ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು.

ಇನ್ನೊಂದು ಮಾತು ಮರೆಯಬಾರದು. ಫುಟ್‌ಪಾತ್ ಪಕ್ಕದ ಪೆಟ್ಟಿಗೆ ಅಂಗಡಿ, ಬೀಗ ರಿಪೇರಿ, ಹೂವಿನ ಬುಟ್ಟಿಯಿಂದಲೇ ಜೀವನ ಮಾಡೋ ವಿಕಲಚೇತನರೂ ಇದ್ದಾರೆ. ಪ್ರಮಾಣಪತ್ರ ಕೊಡುವಾಗ ಅವರಿಗೆ ಆದ್ಯತೆ ಇರಬೇಕು, ಸಮಿತಿಯಲ್ಲೂ ಪ್ರಾತಿನಿಧ್ಯ ಇರಬೇಕು ಅಂತ ಇದೇ ಕಾಯ್ದೆ ಹೇಳುತ್ತೆ. ಒಬ್ಬ ವಿಕಲಚೇತನರಿಗೆ ದಾರಿ ಮಾಡಿಕೊಡೋಕೆ ಇನ್ನೊಬ್ಬ ವಿಕಲಚೇತನರ ಅನ್ನ ಕಿತ್ತುಕೊಳ್ಳೋದು ಪರಿಹಾರ ಅಲ್ಲ.

ಪರಿಹಾರ ಇರೋದು ಗೆರೆ ಎಳೆಯೋದರಲ್ಲಿ. ಕಂಬ, ಮರ ಇರೋ ಪಟ್ಟಿಯಲ್ಲಿ ಅಥವಾ ಗುರುತಿಸಿದ ಜಾಗದಲ್ಲಿ ವ್ಯಾಪಾರ, ನಡುವಿನ 1.8 ಮೀಟರ್ ಯಾವಾಗಲೂ ಖಾಲಿ. ಬಣ್ಣದ ಗೆರೆ ಹಾಕಿ ಇದನ್ನು ತೋರಿಸಿದರೆ ವ್ಯಾಪಾರಿಗೂ ಗೊತ್ತಾಗುತ್ತೆ, ಪಕ್ಕಾ ಅಂಗಡಿಯವರಿಗೂ ಗೊತ್ತಾಗುತ್ತೆ. ಅಷ್ಟು ಜಾಗವೇ ಇಲ್ಲದ ಕಿರಿದಾದ ರಸ್ತೆಯಲ್ಲಿ ವ್ಯಾಪಾರ ವಲಯವನ್ನು ಬೇರೆ ಕಡೆ ಗುರುತಿಸಬೇಕು. ಅದನ್ನು ತೀರ್ಮಾನಿಸಬೇಕಾದ್ದು ಪಟ್ಟಣ ಮಾರಾಟ ಸಮಿತಿ ಸಭೆ.

ಕಾನೂನು ಏನು ಹೇಳುತ್ತೆ?

• ವಿಕಲಚೇತನರ ಹಕ್ಕುಗಳ ಕಾಯ್ದೆ 2016: 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 21 ಬಗೆಯ ವೈಕಲ್ಯ ಇದರಡಿ ಬರುತ್ತವೆ. ಸಾರ್ವಜನಿಕ ಜಾಗ, ಸಾರಿಗೆ, ರಸ್ತೆ ಎಲ್ಲವೂ ವಿಕಲಚೇತನರು ಬಳಸುವಂತಿರಬೇಕು ಅನ್ನೋದು ಇದರ ಮುಖ್ಯ ಅಂಶ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ ಇದೆ.

• 2024ರ ನವೆಂಬರ್ 8ರ ಸುಪ್ರೀಂ ಕೋರ್ಟ್ ತೀರ್ಪು: ರಾಜೀವ್ ರತೂರಿ ಪ್ರಕರಣದಲ್ಲಿ ಬಂದ ತೀರ್ಪು. ಪ್ರವೇಶ ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆಯ ರೂಪದಲ್ಲಿ ಇಟ್ಟಿದ್ದ 15(1)ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸಿ ಅಂತ ಕೇಂದ್ರಕ್ಕೆ ಸೂಚಿಸಿತು. ಅಂದ್ರೆ ‘ಮಾಡಿದ್ರೆ ಒಳ್ಳೇದು’ ಅನ್ನೋದು ಸಾಲದು, ‘ಮಾಡಲೇಬೇಕು’ ಅಂತಿರಬೇಕು.

• 2025ರ ಮೇ 14ರ ಸುಪ್ರೀಂ ಕೋರ್ಟ್ ಆದೇಶ: ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಸ್ಪಷ್ಟಪಡಿಸಿತು. ಫುಟ್‌ಪಾತ್ ವಿಕಲಚೇತನರು ಬಳಸುವಂತಿರಬೇಕು, ಒತ್ತುವರಿ ತೆಗೆಯಲೇಬೇಕು ಅಂತಲೂ ಹೇಳಿತು.

• ಮೋಟಾರು ವಾಹನ ನಿಯಮ: 2017ರ ಚಾಲನಾ ನಿಯಮಾವಳಿ ಪ್ರಕಾರ ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸುವಂತಿಲ್ಲ.

• ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976: ರಸ್ತೆ, ಫುಟ್‌ಪಾತ್‌ಗೆ ಅಡ್ಡವಾಗಿ ಕಟ್ಟಿದ, ಇಟ್ಟ ವಸ್ತುಗಳನ್ನು ತೆರವು ಮಾಡೋ ಅಧಿಕಾರ ಪಾಲಿಕೆ ಆಯುಕ್ತರಿಗೆ ಇದೆ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪುರಸಭೆಗಳ ಕಾಯ್ದೆ ಅನ್ವಯ ಆಗುತ್ತೆ.

ಯಾರ ರಸ್ತೆ? ಯಾರಿಗೆ ದೂರು?

ಫುಟ್‌ಪಾತ್ ದೂರುಗಳು ಹಳ್ಳ ಹಿಡಿಯೋದು ಇಲ್ಲೇ. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅನ್ನೋ ಉತ್ತರ ಬರದ ಹಾಗೆ ಮೊದಲೇ ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ.

• ಶಿವಮೊಗ್ಗ ನಗರದ ಒಳಗಿನ ರಸ್ತೆ: ಮಹಾನಗರ ಪಾಲಿಕೆ ಆಯುಕ್ತರು.
• ಭದ್ರಾವತಿ, ಸಾಗರ: ನಗರಸಭೆ ಪೌರಾಯುಕ್ತರು. ಪುರಸಭೆ, ಪಟ್ಟಣ ಪಂಚಾಯಿತಿ ಊರುಗಳಲ್ಲಿ ಮುಖ್ಯಾಧಿಕಾರಿ.
• ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ: ಲೋಕೋಪಯೋಗಿ ಇಲಾಖೆ ಕಾರ್ಯಪಾಲಕ ಎಂಜಿನಿಯರ್.
• ರಾಷ್ಟ್ರೀಯ ಹೆದ್ದಾರಿ: ಸಹಾಯವಾಣಿ 1033. ಊರೊಳಗೆ ಹಾದು ಹೋಗೋ ಭಾಗ ಆಗಿದ್ದರೆ ಸ್ಥಳೀಯ ಸಂಸ್ಥೆಗೂ ಒಂದು ಪ್ರತಿ ಕೊಡಿ.
• ಗ್ರಾಮದ ರಸ್ತೆ: ಗ್ರಾಮ ಪಂಚಾಯಿತಿ ಪಿಡಿಒ.
• ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್, ಜೋತಾಡೋ ವೈರ್: ಮೆಸ್ಕಾಂ, ಸಹಾಯವಾಣಿ 1912.
• ಫುಟ್‌ಪಾತ್ ಮೇಲಿನ ವಾಹನ: ಸಂಚಾರ ಪೊಲೀಸ್ ಠಾಣೆ, ತುರ್ತು ಇದ್ದರೆ 112.
• ಯಾವ ಇಲಾಖೆ ಅಂತ ಗೊತ್ತಾಗದಿದ್ದರೆ: ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902.
• ಕೇಂದ್ರ ಸರ್ಕಾರದ ‘ಸುಗಮ್ಯ ಭಾರತ್’ ಆ್ಯಪ್‌ನಲ್ಲಿ ಫೋಟೋ ಸಮೇತ ದೂರು ಹಾಕಬಹುದು.

ಅರ್ಜಿ ಬರೆಯೋಕೆ ಕಷ್ಟ ಆದವರು ಹಳ್ಳಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಕೇಳಬಹುದು. ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ ಇದೆ.

ದೂರಿನಲ್ಲಿ ಏನು ಬರೀಬೇಕು?

‘ಫುಟ್‌ಪಾತ್ ಸರಿ ಇಲ್ಲ, ಕ್ರಮ ಕೈಗೊಳ್ಳಿ’ ಅಂತ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತೆ. ಜಾಗ, ಅಳತೆ, ಬೇಕಾದ ಕೆಲಸ ಮೂರೂ ಇರಲಿ. ಟೇಪು ಹಿಡಿದು ಅಳೆದು, ಟೇಪು ಕಾಣೋ ಹಾಗೆ ಫೋಟೋ ತೆಗೆಯಿರಿ. ಮಾದರಿ ಹೀಗಿರಬಹುದು:

“ಇಂಥ ರಸ್ತೆಯ ಇಂಥ ಅಂಗಡಿ ಎದುರಿನಿಂದ ಇಂಥ ವೃತ್ತದವರೆಗಿನ ಫುಟ್‌ಪಾತ್‌ನಲ್ಲಿ ಮೂರು ಅಡಚಣೆಗಳಿವೆ. 1) ಕಂಬದ ಪಕ್ಕ ಉಳಿದ ಜಾಗ 60 ಸೆಂ.ಮೀ. ಮಾತ್ರ. 2) ಎರಡು ಚರಂಡಿ ಚಪ್ಪಡಿ ಒಡೆದಿವೆ. 3) ವೃತ್ತದ ಬಳಿ ಫುಟ್‌ಪಾತ್ ಎತ್ತರ 25 ಸೆಂ.ಮೀ. ಇದ್ದು ರ‍್ಯಾಂಪ್ ಇಲ್ಲ. ಇದರಿಂದ ವೀಲ್‌ಚೇರ್ ಬಳಸುವವರು ರಸ್ತೆಗೆ ಇಳಿಯಬೇಕಾಗಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಹಾಗೂ ಐಆರ್‌ಸಿ 103ರ ಪ್ರಕಾರ ಸರಿಪಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.”

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಮುಂದಿನ ಎಲ್ಲ ಹಂತಕ್ಕೂ ಆ ಸೀಲು ಬೇಕಾಗುತ್ತೆ.

ಉತ್ತರ ಬರದಿದ್ದರೆ?

ಮೊದಲ ದಾರಿ ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದ್ದು: ಆ ಫುಟ್‌ಪಾತ್ ಕಾಮಗಾರಿಯ ಅಂದಾಜು ಪಟ್ಟಿಯ ಪ್ರತಿ, ಕೆಲಸ ಮುಗಿದ ದಿನಾಂಕ, ಗುತ್ತಿಗೆದಾರರ ನಿರ್ವಹಣೆ ಅವಧಿ ಎಲ್ಲಿವರೆಗೆ ಇದೆ. ಆ ಅವಧಿ ಮುಗಿದಿಲ್ಲ ಅಂದ್ರೆ ಒಡೆದದ್ದನ್ನು ಗುತ್ತಿಗೆದಾರರೇ ಸರಿ ಮಾಡಿಕೊಡಬೇಕು, ‘ಅನುದಾನ ಇಲ್ಲ’ ಅನ್ನೋ ಮಾತು ಬರಲ್ಲ.

ಎರಡನೇ ದಾರಿ ಬೆಂಗಳೂರಿನಲ್ಲಿರುವ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರು. ವಿಚಾರಣೆಗೆ ಅಧಿಕಾರಿಗಳನ್ನು ಕರೆಸೋ, ದಾಖಲೆ ತರಿಸೋ ವಿಷಯದಲ್ಲಿ ಇವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಇವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಸಂಸ್ಥೆ ಮೂರು ತಿಂಗಳಲ್ಲಿ ಕ್ರಮ ತೆಗೆದುಕೊಂಡು ತಿಳಿಸಬೇಕು. ಒಪ್ಪದಿದ್ದರೆ ಯಾಕೆ ಅಂತ ಕಾರಣ ಕೊಡಬೇಕು.

ಹಣದ ವಿಷಯಕ್ಕೆ ಬಂದರೆ, ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಆದರೆ ಫುಟ್‌ಪಾತ್ ರ‍್ಯಾಂಪ್‌ಗೆ ಆ ಹಣಕ್ಕೇ ಕಾಯಬೇಕಾಗಿಲ್ಲ. ರಸ್ತೆ ಕಾಮಗಾರಿಯ ಅಂದಾಜಿನಲ್ಲೇ ರ‍್ಯಾಂಪ್, ಟೈಲ್ಸ್ ಸೇರಿಸಬೇಕು. ಕಟ್ಟುವಾಗಲೇ ಇಳಿಜಾರು ಮಾಡಿದರೆ ಖರ್ಚು ಕಡಿಮೆ. ಕಟ್ಟಿದ ಮೇಲೆ ಒಡೆದು ಮಾಡಿದರೆ ಎರಡು ಸಲ ದುಡ್ಡು. ಹಾಗಾಗಿ ವಾರ್ಡ್‌ನಲ್ಲಿ ರಸ್ತೆ ಕೆಲಸ ಶುರುವಾಗೋ ಮೊದಲು ಕೇಳೋದು ಒಳ್ಳೇದು.

ಮಲೆನಾಡಿಗೆ ಮಳೆಗಾಲದ ಲೆಕ್ಕ ಬೇರೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡಲ್ಲ. ಬಿಸಿಲು ಬೀಳದ ಫುಟ್‌ಪಾತ್ ಮೇಲೆ ಪಾಚಿ ಕಟ್ಟುತ್ತೆ. ಊರುಗೋಲಿನ ರಬ್ಬರ್ ತುದಿ ಜಾರೋದು ಇಲ್ಲೇ. ಹೊಳೆಯೋ ಟೈಲ್ಸ್ ಇಲ್ಲಿಗೆ ಆಗಲ್ಲ, ಒರಟು ಮೇಲ್ಮೈ ಬೇಕು. ನೀರು ಚರಂಡಿಗೆ ಹರಿಯೋಕೆ ಸಣ್ಣ ಓರೆ ಇರಬೇಕು, ಆದರೆ ವೀಲ್‌ಚೇರ್ ಒಂದು ಪಕ್ಕಕ್ಕೆ ಎಳೆಯುವಷ್ಟು ಅಲ್ಲ. ರ‍್ಯಾಂಪ್ ಬುಡದಲ್ಲಿ ನೀರು ನಿಂತರೆ ಗುಂಡಿ ಎಷ್ಟು ಆಳ ಅಂತ ಗೊತ್ತಾಗಲ್ಲ. ಚರಂಡಿ ಹೂಳು ತೆಗೆಯೋಕೆ ಎತ್ತಿದ ಚಪ್ಪಡಿಯನ್ನು ಅದೇ ದಿನ ವಾಪಸ್ ಮುಚ್ಚಬೇಕು. ನೀರು ತುಂಬಿ ಹರಿಯುವಾಗ ತೆರೆದ ಚರಂಡಿ ಕಣ್ಣಿದ್ದವರಿಗೂ ಕಾಣಲ್ಲ, ಬಿಳಿ ಕೋಲಿಗೂ ಸಿಗಲ್ಲ.

ಇವತ್ತೇ ಮಾಡಬಹುದಾದ್ದು

ಎಲ್ಲದಕ್ಕೂ ಅನುದಾನ, ಆದೇಶ ಬೇಕಿಲ್ಲ. ಬೋರ್ಡನ್ನು ಒಳಗೆ ಎಳೆದುಕೊಳ್ಳೋದು, ಶೀಟನ್ನು ಎತ್ತರಿಸಿ ಕಟ್ಟೋದು, ಕಾಂಪೌಂಡ್‌ನಿಂದ ಹೊರಗೆ ಬಂದ ಮುಳ್ಳಿನ ಗಿಡ ಕತ್ತರಿಸೋದು, ಮನೆ ಕಟ್ಟಿಸುವಾಗ ಮರಳು, ಇಟ್ಟಿಗೆ ಒಳಗೆ ಹಾಕಿಸಿಕೊಳ್ಳೋದು, ಬೈಕನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ ನಡೆದು ಬರೋದು. ಇವಕ್ಕೆ ಯಾರ ಸಹಿಯೂ ಬೇಡ.

ವೀಲ್‌ಚೇರ್‌ನಲ್ಲಿ ಯಾರಾದರೂ ಸಿಕ್ಕಿಕೊಂಡಿದ್ದು ಕಂಡರೆ ಓಡಿ ಹೋಗಿ ಎತ್ತಬೇಡಿ. ‘ಸಹಾಯ ಬೇಕಾ, ಎಲ್ಲಿ ಹಿಡೀಲಿ?’ ಅಂತ ಕೇಳಿ. ದೃಷ್ಟಿ ಇಲ್ಲದವರ ಕೋಲು ಹಿಡಿದು ಎಳೆಯಬೇಡಿ, ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಳ್ತಾರೆ.

ಸಹಾಯ ಮಾಡೋರು ನಮ್ಮೂರಲ್ಲಿ ಯಾವತ್ತೂ ಕಡಿಮೆ ಆಗಿಲ್ಲ. ಆದರೆ ಆಸ್ಪತ್ರೆಗೋ, ಸಂತೆಗೋ, ಬ್ಯಾಂಕಿಗೋ ಹೊರಟವರು ಪ್ರತಿ ನೂರು ಮೀಟರ್‌ಗೆ ಒಬ್ಬರನ್ನು ‘ಸ್ವಲ್ಪ ಎತ್ತಿ’ ಅಂತ ಕೇಳೋ ಹಾಗಿದ್ದರೆ, ನಾಲ್ಕು ಸಲ ಕೇಳಿ ಐದನೇ ಸಲ ಮನೆಯಲ್ಲೇ ಉಳೀತಾರೆ. ರಸ್ತೆಯಲ್ಲಿ ವೀಲ್‌ಚೇರ್ ಕಾಣಲ್ಲ ಅಂದ್ರೆ ಊರಲ್ಲಿ ವೀಲ್‌ಚೇರ್ ಬಳಸೋರು ಇಲ್ಲ ಅಂತ ಅಲ್ಲ. ಅವರು ಹೊರಗೆ ಬರೋ ದಾರಿಯಲ್ಲಿ ಎಲ್ಲೋ ಒಂದು ಮೀಟರ್ ಕೆಟ್ಟಿದೆ ಅಂತ ಅರ್ಥ.